ಟೇಪು ಸುತ್ತಿದ ಪೈಪು ಮತ್ತೆ ಸೋರುವುದೇಕೆ?

ಮೂರು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಊರು. ನೀರು ಬರುವ ದಿನ ಬೆಳಗಿನ ಐದು ಗಂಟೆಗೆ ಸಂಪಿನೊಳಗೆ ನೀರು ಧುಮುಕುವ ಸದ್ದು ಕೇಳಿಸಬೇಕು. ಅದರ ಬದಲು ಗೇಟಿನಾಚೆ ಪಿಚಕಾರಿ ಹೊಡೆದಂಥ ಸದ್ದು ಕೇಳಿಸಿದರೆ ಮನೆಯವರೆಲ್ಲ ಎದ್ದು ಹೊರಗೆ ಬರುತ್ತಾರೆ. ಬೀದಿಯ ಕೊಳವೆಯಿಂದ ಮನೆಗೆ ಬರುವ ಪಿವಿಸಿ ಪೈಪು ಚರಂಡಿ ದಾಟುವ ಜಾಗದಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿದೆ. ಮೊದಲ ಸಲ ಮಗ ತನ್ನ ಪುಸ್ತಕಗಳಿಗೆ ರಟ್ಟು ಹಾಕುವ ಅಗಲವಾದ ಕಂದು ಟೇಪನ್ನು ತಂದು ಸುತ್ತಿದ. ಅದು ಒಂದು ದಿನವೂ ನಿಲ್ಲಲಿಲ್ಲ. ಎರಡನೆಯ ಸಲ ಅಪ್ಪ ಎಲೆಕ್ಟ್ರಿಕ್ ಅಂಗಡಿಯಿಂದ ಕರಿ ಟೇಪು ತಂದರು. ಅದು ಎರಡು ಸರದಿ ತಡೆಯಿತು. ಈಗ ಮೂರನೆಯ ಸಲ.

'ಇನ್ನೆರಡು ಸುತ್ತು ಬಿಗಿಯಾಗಿ ಹಾಕಿದರೆ ನಿಲ್ಲುತ್ತೆ' ಎಂದರು ಅಪ್ಪ.

'ಎಷ್ಟು ಸುತ್ತು ಹಾಕ್ತೀರಿ? ಪೈಪಿಗಿಂತ ಟೇಪೇ ದಪ್ಪ ಆಗಿದೆ ನೋಡಿ' ಎಂದರು ಅಮ್ಮ. ಒಳಗೆ ಗ್ಯಾಸಿನ ಮೇಲೆ ಆಗಲೇ ಕುಡಿಯುವ ನೀರು ಕುದಿಯುತ್ತಿತ್ತು. ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನು ಆರು ವಾರ. ಈ ಹೊತ್ತಿನಲ್ಲಿ ಯಾರಿಗೂ ಕಾಯಿಲೆ ಬರಬಾರದೆಂಬ ಅವರ ಆತಂಕಕ್ಕೂ ಚರಂಡಿಯ ಮೇಲಿನ ಆ ಸೀಳಿಗೂ ಸಂಬಂಧವಿತ್ತು. ಅಪ್ಪನ ಗಮನ ಹೊರಗೆ ಹೋಗುವ ನೀರಿನ ಮೇಲಿತ್ತು, ಅಮ್ಮನದು ಒಳಗೆ ಬರುವ ನೀರಿನ ಮೇಲೆ. ಇಬ್ಬರಲ್ಲಿ ಅಮ್ಮನ ಚಿಂತೆಯೇ ಹೆಚ್ಚು ಸರಿಯಾದದ್ದು. ಆ ವಿಷಯಕ್ಕೆ ಮತ್ತೆ ಬರಬಹುದು.

ಇದು ಯಾವ ಊರಿನ ಯಾವ ಮನೆಯಾದರೂ ಆಗಬಹುದು. ಮನೆಯೊಳಗೆ ಹರಿದ ನೋಟು, ಮುರಿದ ಪೆನ್ನು, ನಕ್ಷೆಯ ಪುಸ್ತಕ ಎಲ್ಲವನ್ನೂ ಹಿಡಿದಿಡುವ ಟೇಪು ಹೊರಗಡೆಯ ನೀರಿಗೆ ಬಂದಾಗ ಹೀಗೆ ಕೈಕೊಡುವುದೇಕೆ? ಟೇಪು ಕಳಪೆಯೆಂದು ಅಂಗಡಿಯವನನ್ನು ಬೈದುಕೊಳ್ಳುವವರೇ ಹೆಚ್ಚು. ಆದರೆ ಒಳ್ಳೆಯ ಟೇಪೂ ಇಲ್ಲಿ ಸೋಲುತ್ತದೆ. ಅದಕ್ಕೆ ಕಾರಣಗಳು ಒಂಬತ್ತು ಮತ್ತು ಹತ್ತನೆಯ ತರಗತಿಯ ವಿಜ್ಞಾನಕ್ಕೆ ಬಹಳ ದೂರದವೇನಲ್ಲ.

ಹಲಸಿನ ಹಣ್ಣು ಬಿಡಿಸುವವರು ಮೊದಲು ಕೈಗೆ ಎಣ್ಣೆ ಸವರಿಕೊಳ್ಳುತ್ತಾರೆ. ಎಣ್ಣೆಯ ಪದರ ಎಷ್ಟು ತೆಳುವೆಂದರೆ ಕಣ್ಣಿಗೆ ಕಾಣುವುದು ಬರೀ ಹೊಳಪು. ಆದರೂ ಅಷ್ಟಂಟಾದ ಮೇಣ ಕೈಗೆ ಹತ್ತುವುದಿಲ್ಲ. ಟೇಪಿನ ಅಂಟೂ ಈ ಮೇಣದ ಜಾತಿಯದೇ. ಅದು ಪೂರ್ತಿ ದ್ರವವೂ ಅಲ್ಲ, ಪೂರ್ತಿ ಘನವೂ ಅಲ್ಲ. ರಬ್ಬರಿನಂಥ ವಸ್ತುವಿಗೆ ರಾಳವನ್ನು ಬೆರೆಸಿ ಮಾಡಿದ್ದು. ಬೆರಳಿನಿಂದ ಒತ್ತಿದಾಗ ಅದು ಜೇನಿನಂತೆ ಸ್ವಲ್ಪ ಹರಿದು ಮೇಲ್ಮೈಯ ಸಣ್ಣ ಸಣ್ಣ ಏರುತಗ್ಗುಗಳೊಳಗೆ ಇಳಿಯುತ್ತದೆ. ಹಾಗೆ ತೀರ ಹತ್ತಿರ ಬಂದಾಗ ಅಂಟಿನ ಅಣುಗಳಿಗೂ ಪೈಪಿನ ಅಣುಗಳಿಗೂ ನಡುವೆ ಆಕರ್ಷಣೆ ಹುಟ್ಟುತ್ತದೆ. ಈ ಆಕರ್ಷಣೆ ಕೆಲಸ ಮಾಡುವುದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಅಂತರದಲ್ಲಿ ಮಾತ್ರ. ನಡುವೆ ಧೂಳಿನ ಒಂದು ಪದರ ಬಂದರೆ ಟೇಪು ಅಂಟುವುದು ಧೂಳಿಗೇ ಹೊರತು ಪೈಪಿಗಲ್ಲ. ನೀರಿನ ಪದರ ಬಂದರೆ ಹಲಸಿನ ಮೇಣಕ್ಕೆ ಎಣ್ಣೆ ಸವರಿದ ಕೈ ಸಿಕ್ಕಂತೆ.

ಮನೆಯ ಹೊರಗಿನ ಯಾವ ಪೈಪು ಒಣಗಿದೆ, ಯಾವುದು ಶುಭ್ರವಾಗಿದೆ? ಚರಂಡಿಯ ಮೇಲಿನ ಪೈಪಿಗೆ ಹಾವಸೆ ಹಿಡಿದಿರುತ್ತದೆ. ತಾರಸಿಯ ಪೈಪಿನ ಮೇಲೆ ಬಿಸಿಲಿಗೆ ಪುಡಿಪುಡಿಯಾದ ಬಿಳಿಯ ಪದರವಿರುತ್ತದೆ. ಕೈಯಾಡಿಸಿದರೆ ಸುಣ್ಣದಂತೆ ಬೆರಳಿಗೆ ಹತ್ತುತ್ತದೆ. ಇನ್ನು, ಸೋರುತ್ತಿರುವಾಗಲೇ ಟೇಪು ಸುತ್ತುವುದು ಎಲ್ಲರ ಅಭ್ಯಾಸ. ಬಟ್ಟೆಯಿಂದ ಒರೆಸಿ ಟೇಪು ತರುವಷ್ಟರಲ್ಲಿ ಸೀಳಿನಿಂದ ಮತ್ತೆ ನೀರು ಜಿನುಗಿರುತ್ತದೆ. ಟೇಪಿನ ಮೊದಲ ಸುತ್ತು ಒದ್ದೆಯ ಮೇಲೆ ಬೀಳುತ್ತದೆ. ಆಮೇಲಿನ ಸುತ್ತುಗಳು ಟೇಪಿನ ಬೆನ್ನಿಗೆ ಅಂಟುತ್ತವೆ. ಹೊರಗಿನಿಂದ ನೋಡಿದರೆ ಗಟ್ಟಿಯಾಗಿ ಅಂಟಿದಂತೆ ಕಾಣುವುದು ಟೇಪು ಟೇಪಿಗೆ. ಪೈಪಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ!

ಕೆಲವು ವಸ್ತುಗಳಿಗಂತೂ ಒಣಗಿಸಿ ಒರೆಸಿದರೂ ಅಂಟು ಹತ್ತುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರು ಹಾಕಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹನಿ ಹರಡಿಕೊಳ್ಳದೆ ಮುತ್ತಿನಂತೆ ಉರುಳಿಹೋಗುತ್ತದೆ. ಗಾಜಿನ ಮೇಲಾದರೆ ಹರಡುತ್ತದೆ. ದ್ರವವೊಂದು ಮೇಲ್ಮೈಯ ಮೇಲೆ ಹರಡುವುದೋ ಮುದುಡುವುದೋ ಎಂಬುದನ್ನು ಆ ಮೇಲ್ಮೈಯ ಸೆಳೆತ ನಿರ್ಧರಿಸುತ್ತದೆ. ತಾರಸಿಯ ಮೇಲಿನ ಕರಿಯ ನೀರಿನ ಟ್ಯಾಂಕು ಪಾಲಿಥೀನಿನದು. ಪಾಲಿಥೀನಿನ ಸೆಳೆತ ತೀರ ಕಡಿಮೆ. ಹೆಚ್ಚಿನ ಅಂಟುಗಳು ಅದರ ಮೇಲೆ ಮುದುಡಿಕೊಳ್ಳುತ್ತವೆ. ಪಿವಿಸಿ ಅಷ್ಟು ಮೊಂಡಲ್ಲ. ಆದ್ದರಿಂದಲೇ ಪೈಪಿಗೆ ಎರಡು ದಿನ ನಿಂತ ಟೇಪು ಟ್ಯಾಂಕಿಗೆ ಎರಡು ಗಂಟೆಯೂ ನಿಲ್ಲುವುದಿಲ್ಲ. ಟ್ಯಾಂಕು ಸೀಳಿದರೆ ಅದೇ ಜಾತಿಯ ಪ್ಲಾಸ್ಟಿಕ್ಕನ್ನು ಕಾಯಿಸಿ ಕರಗಿಸಿ ಬೆಸೆಯುವವರನ್ನು ಹುಡುಕಬೇಕು, ಇಲ್ಲವೆ ಹೊಸದನ್ನು ತರಬೇಕು. ನಡುವಿನ ದಾರಿಗಳೆಲ್ಲ ದುಡ್ಡು ದಂಡ.

ಈಗ ನೀರಿನ ಒತ್ತಡದ ಮಾತು. ಹತ್ತು ಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಭಾರದಷ್ಟು ಒತ್ತಡ ಹಾಕುತ್ತದೆ. ಬೀದಿಯ ಕೊಳವೆಯಲ್ಲಿ ಏಳು ಮೀಟರ್ ಎತ್ತರದ ಒತ್ತಡವಿದೆ ಎಂದಿಟ್ಟುಕೊಳ್ಳಬಹುದು. ಪೈಪಿನ ಸೀಳು ಒಂದು ಸೆಂಟಿಮೀಟರ್ ಉದ್ದ, ಮಿಲಿಮೀಟರಿನ ಐದರಲ್ಲೊಂದು ಪಾಲು ಅಗಲ. ಅಂದರೆ ಅದರ ವಿಸ್ತೀರ್ಣ 0.02 ಚದರ ಸೆಂಟಿಮೀಟರ್. ಅದರ ಮೇಲೆ ಬೀಳುವ ಬಲ 0.7 ಗುಣಿಸು 0.02, ಅಂದರೆ 14 ಗ್ರಾಂ. ಎರಡು ಮೂರು ನಾಣ್ಯಗಳ ಭಾರ! ಇಷ್ಟು ಕಡಿಮೆ ಬಲವನ್ನು ಟೇಪು ತಡೆಯಲಾರದೆ?

ತಡೆಯುತ್ತದೆ, ಮೊದಲ ಕೆಲವು ನಿಮಿಷ. ತೊಂದರೆ ಆಮೇಲೆ. ಟೇಪಿನಡಿಯಲ್ಲಿ ಅಂಟದ ಜಾಗ ಎಲ್ಲಿದೆಯೋ ಅಲ್ಲಿಗೆ ನೀರು ನುಸುಳುತ್ತದೆ. ಆಗ ಒತ್ತಡ ಸೀಳಿನಷ್ಟೇ ಜಾಗದ ಮೇಲಲ್ಲ, ಒದ್ದೆಯಾದ ಅಷ್ಟೂ ಜಾಗದ ಮೇಲೆ ಬೀಳುತ್ತದೆ. ಐದು ಸೆಂಟಿಮೀಟರ್ ಉದ್ದ, ನಾಲ್ಕು ಸೆಂಟಿಮೀಟರ್ ಅಗಲದಷ್ಟು ನೀರು ಹರಡಿತೆಂದರೆ ವಿಸ್ತೀರ್ಣ 20 ಚದರ ಸೆಂಟಿಮೀಟರ್. ಬಲ 14 ಕಿಲೋ! ಅದೇ ಪೈಪು, ಅದೇ ಸೀಳು, ಅದೇ ಒತ್ತಡ. ಬದಲಾದದ್ದು ನೀರು ಮುಟ್ಟಿದ ಜಾಗವೊಂದೇ. ಪಾಸ್ಕಲ್ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು ಅದು ತಮ್ಮ ಗೇಟಿನ ಹೊರಗೆ ಹೀಗೆ ನಡೆಯುತ್ತಿದೆಯೆಂದು ನೆನೆಸಿಕೊಂಡಿರಲಿಕ್ಕಿಲ್ಲ. ಕಾರನ್ನು ಎತ್ತುವ ಹೈಡ್ರಾಲಿಕ್ ಜಾಕಿಯ ಗುಟ್ಟೂ ಇಷ್ಟೇ.

ನೀರು ಟೇಪನ್ನು ಒಂದೇ ಸಲಕ್ಕೆ ಕಿತ್ತೆಸೆಯುವುದಿಲ್ಲ ಎಂಬುದೂ ಗಮನಿಸಬೇಕಾದ ವಿಷಯ. ಬಾಳೆಹಣ್ಣಿನ ಸಿಪ್ಪೆಯನ್ನು ಅಡ್ಡಕ್ಕೆ ಎಳೆದರೆ ಬರುವುದಿಲ್ಲ, ತುದಿ ಹಿಡಿದು ಸುಲಿದರೆ ಸಲೀಸಾಗಿ ಬರುತ್ತದೆ. ಸುಲಿಯುವಾಗ ಬಲವೆಲ್ಲ ಒಂದು ಸಣ್ಣ ಗೆರೆಯ ಮೇಲೆ ಬೀಳುತ್ತದೆ. ಆ ಗೆರೆ ಬಿಟ್ಟುಕೊಟ್ಟರೆ ಮುಂದಿನ ಗೆರೆ. ಟೇಪಿನಡಿಯ ನೀರೂ ಒಳಗಿನಿಂದ ಹೀಗೆಯೇ ಸುಲಿಯುತ್ತ ಹೋಗುತ್ತದೆ. ಬಿಗಿಯಾಗಿ ಸುತ್ತಿದ್ದರೆ ಟೇಪನ್ನು ಉಬ್ಬಿಸಲಾಗದೆ, ಸುತ್ತುಗಳು ಒಂದರ ಮೇಲೊಂದು ಹತ್ತಿದ ಅಂಚಿನಲ್ಲಿ ಉಳಿಯುವ ಸಣ್ಣ ಸಂದನ್ನು ಹಿಡಿದು ಸುರುಳಿಯ ಉದ್ದಕ್ಕೂ ಪ್ರಯಾಣ ಮಾಡಿ ಇನ್ನೊಂದು ತುದಿಯಲ್ಲಿ ಹೊರಬರುತ್ತದೆ. ಸೀಳು ಇದ್ದಲ್ಲಿ ಒಣಗಿದೆ, ಒಂದು ಗೇಣು ಆಚೆ ಹನಿಯುತ್ತಿದೆ. ಮನೆಯವರು ಅಲ್ಲಿಯೂ ಸೀಳಿದೆಯೆಂದು ಅಲ್ಲಿಗೂ ಟೇಪು ಸುತ್ತುತ್ತಾರೆ.

ಇದರ ಮೇಲೆ ಬಿಸಿಲು. ಬೆಳಗಿನ ಜಾವದ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ತಾರಸಿಯ ಪೈಪಿನಲ್ಲಿ ಮೂವತ್ತು ಡಿಗ್ರಿ ವ್ಯತ್ಯಾಸ ಸುಲಭವಾಗಿ ಆಗುತ್ತದೆ. ಅಷ್ಟಕ್ಕೆ ಮೂರು ಮೀಟರ್ ಉದ್ದದ ಪಿವಿಸಿ ಪೈಪು ಸುಮಾರು ಆರು ಮಿಲಿಮೀಟರ್ ಬೆಳೆಯುತ್ತದೆ. ಅಷ್ಟೇ ಉದ್ದದ ಕಬ್ಬಿಣದ ಪೈಪು ಬೆಳೆಯುವುದು ಒಂದು ಮಿಲಿಮೀಟರಿನಷ್ಟು. ರಾತ್ರಿ ಮತ್ತೆ ಕುಗ್ಗುತ್ತದೆ. ದಿನಾ ಈ ಎಳೆದಾಟಕ್ಕೆ ಸಿಕ್ಕ ಟೇಪಿನ ಅಂಟು ಬಿಸಿಯಲ್ಲಿ ಮೆತ್ತಗಾಗಿ ಜಾರುತ್ತದೆ. ಕರಿ ಟೇಪನ್ನು ಒಂದು ಬೇಸಗೆಯ ನಂತರ ಬಿಚ್ಚಿದವರ ಕೈಗೆ ಹತ್ತುವ ಕಪ್ಪು ಜಿಗುಟು ಹೀಗೆ ಜಾರಿದ ಅಂಟೇ. ಬಿಸಿಲಿನ ನೇರಳಾತೀತ ಕಿರಣಗಳು ಬೇರೆ ರಬ್ಬರಿನ ಉದ್ದನೆಯ ಅಣುಸರಪಣಿಗಳನ್ನು ಕಡಿಯುತ್ತವೆ. ಬಿಗಿಯಾಗಿ ಎಳೆದು ಸುತ್ತಿದ ಟೇಪು ಮೆಲ್ಲಮೆಲ್ಲನೆ ತನ್ನ ಬಿಗಿತವನ್ನೂ ಬಿಟ್ಟುಕೊಡುತ್ತದೆ. ಹೊಸ ಪಂಚೆಯ ಉಡಿದಾರ ಸಂಜೆಗೆ ಸಡಿಲಾದಂತೆ ಎನ್ನಬಹುದು.

ಹಾಗಾದರೆ ಟೇಪನ್ನು ಮಾಡಿದವರು ಇದನ್ನೆಲ್ಲ ಯೋಚಿಸಲಿಲ್ಲವೆ? ಯೋಚಿಸುವ ಅಗತ್ಯವೇ ಅವರಿಗೆ ಇರಲಿಲ್ಲ. ಅಮೆರಿಕದ ಮಿನೆಸೋಟದ ತ್ರೀಎಂ ಕಂಪನಿಯಲ್ಲಿದ್ದ ರಿಚರ್ಡ್ ಡ್ರೂ 1925ರಲ್ಲಿ ಮಾಸ್ಕಿಂಗ್ ಟೇಪು ಮಾಡಿದ್ದು ಕಾರಿಗೆ ಎರಡು ಬಣ್ಣ ಬಳಿಯುವವರ ಕಷ್ಟ ನೋಡಿ. ಬಣ್ಣ ಒಣಗುವವರೆಗೆ ಅಂಟಿದ್ದು ಆಮೇಲೆ ಬಣ್ಣ ಕೀಳದೆ ಸುಲಭವಾಗಿ ಬಿಟ್ಟುಬರಬೇಕು ಎಂಬುದೇ ಅದರ ಗುರಿ. 1930ರಲ್ಲಿ ಅವರೇ ಮಾಡಿದ ಪಾರದರ್ಶಕ ಟೇಪು ಪೊಟ್ಟಣ ಮುಚ್ಚುವುದಕ್ಕೆ, ಹರಿದ ಕಾಗದ ಸೇರಿಸುವುದಕ್ಕೆ. ಆ ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಹಳೆಯದನ್ನೇ ತೇಪೆ ಹಾಕಿ ಬಳಸುವ ಮನೆಗಳಿಗೆ ಅದು ಹಿಡಿಸಿತು.

ಬಟ್ಟೆಯ ಬೆನ್ನಿನ ಬಲವಾದ ಟೇಪಿನ ಹಿಂದೆ ಒಬ್ಬ ತಾಯಿಯ ಪತ್ರವಿದೆ. ವೆಸ್ಟಾ ಸ್ಟೌಟ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲಿನಾಯ್ಸಿನ ಮದ್ದುಗುಂಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರು. ಅವರ ಇಬ್ಬರು ಮಕ್ಕಳು ನೌಕಾಪಡೆಯಲ್ಲಿದ್ದರು. ಗುಂಡಿನ ಪೆಟ್ಟಿಗೆಗಳನ್ನು ಕಾಗದದ ಟೇಪಿನಿಂದ ಮುಚ್ಚಿ ಮೇಣ ಬಳಿಯುತ್ತಿದ್ದರು. ಆ ಟೇಪಿನ ತುದಿ ಎಳೆದರೆ ಹರಿದುಹೋಗುತ್ತಿತ್ತು. ಪೆಟ್ಟಿಗೆ ಬಿಚ್ಚಲು ಪರದಾಡುವಷ್ಟರಲ್ಲಿ ಸೈನಿಕನ ಪ್ರಾಣವೇ ಹೋಗಬಹುದು. ನೀರು ತಡೆಯುವ ಬಟ್ಟೆಯ ಟೇಪು ಬಳಸಬೇಕೆಂದು ಮೇಲಿನವರಿಗೆ ಹೇಳಿ ಸಾಕಾಗಿ ಅವರು 1943ರ ಫೆಬ್ರವರಿಯಲ್ಲಿ ನೇರವಾಗಿ ಅಧ್ಯಕ್ಷ ರೂಸ್‌ವೆಲ್ಟ್‌ರಿಗೇ ಚಿತ್ರ ಸಮೇತ ಪತ್ರ ಬರೆದರು. ಸಲಹೆ ಒಪ್ಪಿಗೆಯಾಯಿತು. ಆ ಟೇಪನ್ನು ಸುತ್ತುತ್ತಿದ್ದದ್ದು ಕಾರ್ಖಾನೆಯ ಒಳಗೆ, ಒಣ ಪೆಟ್ಟಿಗೆಯ ಮೇಲೆ, ಹೊರಗಿನ ತೇವ ಒಳಗೆ ಹೋಗದಂತೆ. ಒಳಗಿನಿಂದ ನುಗ್ಗಿ ಬರುವ ನೀರನ್ನು ತಡೆ ಎಂದು ಯಾರೂ ಅದಕ್ಕೆ ಹೇಳಿರಲಿಲ್ಲ.

ಯುದ್ಧ ಮುಗಿದ ಮೇಲೆ ಅದೇ ಟೇಪು ಮನೆಗಳ ಗಾಳಿ ಕೊಳವೆಗಳ ಸಂದು ಮುಚ್ಚಲು ಬಂದು ಡಕ್ಟ್ ಟೇಪ್ ಎಂದು ಹೆಸರಾಯಿತು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಮ್ಯಾಕ್ಸ್ ಶೆರ್ಮನ್ ಮತ್ತು ಇಯನ್ ವಾಕರ್ ಅದನ್ನು ಇತರ ಹಲವು ಮುಚ್ಚುವ ವಸ್ತುಗಳ ಜೊತೆ ಬಿಸಿ ಗಾಳಿ, ತಂಪು ಗಾಳಿಗೆ ಒಡ್ಡಿ ಪರೀಕ್ಷಿಸಿ 1998ರಲ್ಲಿ ಫಲಿತಾಂಶ ತಿಳಿಸಿದರು. ಹೆಸರಿನಲ್ಲೇ ಗಾಳಿ ಕೊಳವೆ ಇದ್ದ ಟೇಪೇ ಗಾಳಿ ಕೊಳವೆಯ ಮೇಲೆ ಎಲ್ಲಕ್ಕಿಂತ ಬೇಗ ಸೋತಿತ್ತು. ಗಾಳಿಗೇ ಹೀಗಾದರೆ ನೀರಿನ ಮಾತೇನು?

ಇನ್ನೊಂದು ಬಿಳಿ ಟೇಪಿದೆ. ಪ್ಲಂಬರುಗಳ ಜೇಬಿನಲ್ಲಿ ಸದಾ ಇರುವ ಟೆಫ್ಲಾನ್ ಟೇಪು. ಅದರಲ್ಲಿ ಅಂಟೇ ಇಲ್ಲ. ಅದರ ವಸ್ತುವನ್ನು 1938ರಲ್ಲಿ ರಾಯ್ ಪ್ಲಂಕೆಟ್ ಎಂಬ ಯುವ ರಸಾಯನ ವಿಜ್ಞಾನಿ ಶೀತಕ ಅನಿಲಗಳ ಪ್ರಯೋಗದ ನಡುವೆ ಆಕಸ್ಮಿಕವಾಗಿ ಕಂಡುಹಿಡಿದರು. ಯಾವುದಕ್ಕೂ ಅಂಟದಿರುವುದೇ ಅದರ ಹೆಗ್ಗಳಿಕೆ, ದೋಸೆಯ ನಾನ್‌ಸ್ಟಿಕ್ ಹಂಚಿಗೆ ಬಳಿಯುವುದೂ ಅದನ್ನೇ. ನಲ್ಲಿಯ ಮರೆಯ ಮೇಲೆ ಅದನ್ನು ಸುತ್ತಿ ತಿರುಗಿಸಿದಾಗ ಎರಡು ಮರೆಗಳ ನಡುವೆ ಜಜ್ಜಿಹೋಗಿ ಸಂದನ್ನು ತುಂಬುತ್ತದೆ. ಹಿಂದಿನವರು ಕಬ್ಬಿಣದ ಪೈಪಿಗೆ ಸೆಣಬಿನ ನಾರು ಸುತ್ತಿ ಬಣ್ಣ ಬಳಿದು ತಿರುಗಿಸುತ್ತಿದ್ದದ್ದೂ ಇದೇ ಕೆಲಸಕ್ಕೆ. ಸೋರುವ ಪೈಪಿನ ಹೊರಗೆ ಟೆಫ್ಲಾನನ್ನು ಬ್ಯಾಂಡೇಜಿನಂತೆ ಸುತ್ತುವುದು ಅನೇಕ ಮನೆಗಳಲ್ಲಿ ಕಾಣಸಿಗುವ ದೃಶ್ಯ. ಪಾಪ, ಟೇಪಿಗೆ ಅಲ್ಲಿ ಮಾಡಲು ಏನೂ ಕೆಲಸವಿಲ್ಲ.

ಅಮ್ಮನ ಚಿಂತೆಗೆ ಈಗ ಬರಬಹುದು. ಸೀಳಿನಿಂದ ಸೆಕೆಂಡಿಗೆ ಒಂದೇ ಹನಿ ಬಿದ್ದರೂ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ನಾಲ್ಕು ಲೀಟರಿಗೂ ಹೆಚ್ಚು. ನೀರು ಪೋಲಾಗುವುದು ನಿಜ, ಆದರೆ ಅದು ಕಣ್ಣಿಗೆ ಕಾಣುವ ನಷ್ಟ. ಮೂರು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಉಳಿದ ಹೊತ್ತು ಕೊಳವೆ ಖಾಲಿ. ವಾಲ್ವು ಮುಚ್ಚಿದ ಮೇಲೆ ಕೊಳವೆಯಲ್ಲಿ ಉಳಿದ ನೀರು ತಗ್ಗಿನ ಬೀದಿಗಳ ಕಡೆ ಇಳಿಯುತ್ತದೆ. ಅದರ ಹಿಂದೆ ಕೊಳವೆಯೊಳಗಿನ ಒತ್ತಡ ಹೊರಗಿನ ವಾಯುಭಾರಕ್ಕಿಂತ ಕಡಿಮೆಯಾಗುತ್ತದೆ. ಕೆಲವರು ಕೊಳವೆಗೆ ನೇರವಾಗಿ ಮೋಟರ್ ಹಚ್ಚಿ ಎಳೆದರಂತೂ ಹೇಳುವುದೇ ಬೇಡ. ಆಗ ಸೀಳು ಎಳೆನೀರಿಗೆ ಹಾಕಿದ ಸ್ಟ್ರಾದಂತೆ. ಸುತ್ತ ಏನಿದೆಯೋ ಅದನ್ನು ಒಳಗೆಳೆಯುತ್ತದೆ. ಸುತ್ತ ಇರುವುದು ಚರಂಡಿ. ಟೈಫಾಯ್ಡ್, ಕಾಲರಾ, ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಇವೆಲ್ಲ ಹೀಗೆ ನೀರಿನ ಜೊತೆ ಬರುವಂಥವು.

ಚುರುಕು ವಿದ್ಯಾರ್ಥಿಯೊಬ್ಬ ಇಲ್ಲಿ ಆಕ್ಷೇಪಿಸಬಹುದು: ಒಳಗೆ ಎಳೆಯುವಾಗ ಟೇಪು ಸೀಳಿಗೆ ಇನ್ನೂ ಬಿಗಿಯಾಗಿ ಒತ್ತಿಕೊಳ್ಳಬೇಕಲ್ಲವೆ? ಪ್ರಶ್ನೆ ಸರಿಯಾಗಿಯೇ ಇದೆ. ಒತ್ತಿಕೊಳ್ಳುತ್ತದೆ ಕೂಡ. ಆದರೆ ಹೊರಹೋಗುವಾಗ ನೀರು ಸುರುಳಿಯ ಅಂಚಿನಲ್ಲಿ ಮಾಡಿಕೊಂಡ ಸಂದುಗಳು ಪೂರ್ತಿ ಮುಚ್ಚಿಹೋಗುತ್ತವೆಂಬ ಭರವಸೆಯಿಲ್ಲ. ಟೇಪಿನಡಿ ನಿಂತ ಕೊಳೆನೀರು ಒಳಸೇರಲು ಅಷ್ಟು ದಾರಿ ಸಾಕು. ಅದಕ್ಕಿಂತ ದೊಡ್ಡ ಅಪಾಯವೆಂದರೆ ಟೇಪು ಸುತ್ತಿದ ಮೇಲೆ ಪಿಚಕಾರಿ ನಿಲ್ಲುತ್ತದೆ, ಸದ್ದು ನಿಲ್ಲುತ್ತದೆ, ಮನೆಯವರು ಮರೆಯುತ್ತಾರೆ. ಸೀಳು ಮಾತ್ರ ಹಾಗೇ ಇರುತ್ತದೆ. ಸರಿಯಾದ ರಿಪೇರಿ ಆಗುವ ತನಕ ಮೊದಲು ಬರುವ ನೀರನ್ನು ಕೆಲವು ನಿಮಿಷ ಹೊರಗೆ ಬಿಟ್ಟು, ಕುಡಿಯುವ ನೀರನ್ನು ಚೆನ್ನಾಗಿ ಕುದಿ ಬರಿಸಿಯೇ ಬಳಸಬೇಕು.

ಸರಿಯಾದ ರಿಪೇರಿ ಹೇಗಿರಬೇಕೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ರಸ್ತೆ ತಿರುವಿನ ಸೈಕಲ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಪಂಕ್ಚರ್ ಹಾಕುವವರು ಮೊದಲು ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುವ ಜಾಗ ಗುರುತಿಸುತ್ತಾರೆ. ಆಮೇಲೆ ಗಾಳಿ ಪೂರ್ತಿ ಬಿಡುತ್ತಾರೆ, ಅಂದರೆ ಒತ್ತಡ ಇಳಿಸುತ್ತಾರೆ. ಒರೆಸಿ ಒಣಗಿಸುತ್ತಾರೆ. ಉಜ್ಜುಕಾಗದದಿಂದ ಉಜ್ಜಿ ಹಳೆಯ ಪದರ ತೆಗೆಯುತ್ತಾರೆ. ಸಲ್ಯೂಷನ್ ಹಚ್ಚಿ, ತಕ್ಷಣ ತೇಪೆ ಹಾಕದೆ, ಊದಿ ಕಾಯುತ್ತಾರೆ. ಕೊನೆಗೆ ತೇಪೆ ಒತ್ತಿ ಸುತ್ತಿಗೆಯಿಂದ ತಟ್ಟುತ್ತಾರೆ. ಅಷ್ಟಾದ ಮೇಲೂ ಆ ತೇಪೆಯನ್ನು ಗಾಳಿ ಒಳಗಿನಿಂದ ಹೊರಗೆ ತಳ್ಳುತ್ತಲೇ ಇರುತ್ತದೆ. ಆದರೆ ಹೊರಗಡೆ ಟೈರಿದೆ. ಗಾಳಿ ತಳ್ಳಿದಷ್ಟೂ ತೇಪೆ ಟೈರಿಗೆ ಆತುಕೊಳ್ಳುತ್ತದೆ. ಗೇಟಿನ ಹೊರಗಿನ ಪೈಪಿಗೆ ಟೈರಿಲ್ಲ. ಸೈಕಲ್ಲಿನವರು ಮಾಡುವ ಆರು ಕೆಲಸಗಳಲ್ಲಿ ಟೇಪು ಸುತ್ತುವವರು ಮಾಡುವುದು ಕೊನೆಯದೊಂದನ್ನೇ.

ಕೆರೆಯ ತೂಬನ್ನು ಮಾಡಿದ ಹಿರಿಯರಿಗೂ ಇದು ಗೊತ್ತಿತ್ತು. ಹಳೆಯ ಕೆರೆಗಳಲ್ಲಿ ತೂಬಿನ ಕಂಡಿಗೆ ಬೆಣೆಯನ್ನು ಇಳಿಸುತ್ತಿದ್ದದ್ದು ಏರಿಯ ಹೊರಗಿನಿಂದಲ್ಲ, ನೀರಿರುವ ಕಡೆಯಿಂದ. ನೀರು ಹೆಚ್ಚಿದಷ್ಟೂ ಬೆಣೆ ಬಿಗಿಯಾಗುತ್ತದೆ. ತಾರಸಿ ಸೋರುವಾಗ ಮನೆಯೊಳಗಿನ ಛಾವಣಿಗೆ ಟೇಪನ್ನೋ ಸಿಮೆಂಟನ್ನೋ ಮೆತ್ತುವುದು ಇದರ ತದ್ವಿರುದ್ಧ. ಅಲ್ಲಿ ನೀರು ಬೆನ್ನ ಹಿಂದಿನಿಂದ ಬಂದು ತಳ್ಳುತ್ತದೆ. ಹನಿ ಬೀಳುವ ಜಾಗದ ನೇರ ಮೇಲೆಯೇ ಬಿರುಕಿರುತ್ತದೆಂಬ ನಂಬಿಕೆಯೂ ಬೇಡ. ನೀರು ಕಾಂಕ್ರೀಟಿನೊಳಗೆ ಎಲ್ಲಿಂದೆಲ್ಲಿಗೋ ಹರಿದು ಬಂದಿರುತ್ತದೆ. ಹಳೆಯ ಆಸ್ಬೆಸ್ಟಾಸ್ ಷೀಟಿನ ಛಾವಣಿ ಸೋರುತ್ತಿದ್ದರೆ ಸೈಕಲ್ ಅಂಗಡಿಯ ಪಾಠವನ್ನು ಅಲ್ಲಿ ಪ್ರಯೋಗಿಸಬಾರದು. ಅದನ್ನು ಉಜ್ಜಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯ, ಮೇಲೆ ಹತ್ತಿದರೆ ಷೀಟು ಮುರಿದು ಬೀಳುವ ಭಯ ಬೇರೆ. ಸೋರುವ ಜಾಗದ ಹತ್ತಿರ ಮೀಟರ್ ಬೋರ್ಡೋ ವೈರೋ ಇದ್ದರೆ ಮಕ್ಕಳು ಕೈ ಹಾಕಲೇಬಾರದು. ಮೊದಲು ಮೇನ್ ಸ್ವಿಚ್ ಆರಿಸಬೇಕಾದದ್ದು ದೊಡ್ಡವರು.

ಪೈಪಿಗೆ ತುರ್ತು ಚಿಕಿತ್ಸೆ ಬೇಕೇ ಬೇಕೆಂದರೆ ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಸೀಳಿನ ಮೇಲಿಟ್ಟು, ಸ್ಕ್ರೂ ತಿರುಗಿಸಿ ಬಿಗಿಯುವ ಎರಡು ಹೋಸ್ ಕ್ಲಿಪ್ ಹಾಕುವುದು ಯಾವ ಟೇಪಿಗಿಂತಲೂ ಮೇಲು. ಅಲ್ಲಿ ಅಂಟಿನ ಮಾತೇ ಇಲ್ಲ. ಕ್ಲಿಪ್ಪು ರಬ್ಬರನ್ನು ಒತ್ತುತ್ತದೆ, ರಬ್ಬರು ಸೀಳನ್ನು ಒತ್ತುತ್ತದೆ. ಒದ್ದೆಯಿದ್ದರೂ ಕೆಲಸ ಮಾಡುತ್ತದೆ. ಅಂಟಿಲ್ಲದೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪುಗಳೂ ಸಿಗುತ್ತವೆ. ಅವನ್ನು ಚೆನ್ನಾಗಿ ಎಳೆದು ಸುತ್ತಿದಾಗ ಇದೇ ತತ್ವದ ಮೇಲೆ ನಿಲ್ಲುತ್ತವೆ. ಕಬ್ಬಿಣದ ಪೈಪಿನ ಸಣ್ಣ ತೂತಿಗೆ ಎರಡು ಉಂಡೆಗಳನ್ನು ಕಲಸಿ ಮೆತ್ತುವ ಎಪಾಕ್ಸಿ ಒಳ್ಳೆಯದು. ಎರಡೂ ಸೇರಿ ರಾಸಾಯನಿಕ ಕ್ರಿಯೆ ನಡೆದು ಕಲ್ಲಿನಂತಾಗುತ್ತದೆ. ಅದಕ್ಕೂ ತುಕ್ಕು ಕೆರೆದ ಮೇಲ್ಮೈ ಬೇಕು, ಗಟ್ಟಿಯಾಗಲು ಸಮಯ ಬೇಕು. ಪಿವಿಸಿಗೆ ಶಾಶ್ವತ ಪರಿಹಾರವೆಂದರೆ ಸೀಳಿದ ತುಂಡನ್ನೇ ಕತ್ತರಿಸಿ ಹೊಸ ತುಂಡು ಕೂಡಿಸುವುದು. ಅದಕ್ಕೆ ಹಚ್ಚುವ ಸಾಲ್ವೆಂಟ್ ಸಿಮೆಂಟು ಹೆಸರಿಗೆ ಸಿಮೆಂಟು, ಅಂಟೂ ಅಲ್ಲ. ಅದು ಪೈಪಿನ ಮತ್ತು ಕಪ್ಲಿಂಗಿನ ಮೇಲ್ಪದರವನ್ನು ಕರಗಿಸುತ್ತದೆ. ಕರಗಿದ ಎರಡು ಪದರಗಳು ಒಂದರೊಳಗೊಂದು ಬೆರೆಯುತ್ತವೆ, ದ್ರಾವಕ ಆವಿಯಾಗಿ ಹೋಗುತ್ತದೆ, ಉಳಿಯುವುದು ಒಂದೇ ಪ್ಲಾಸ್ಟಿಕ್ಕು. ಇಬ್ಬರ ನಡುವೆ ಮೂರನೆಯವರಿಲ್ಲದ ಸಂಬಂಧ ಎನ್ನಬೇಕು. ಆ ಆವಿ ಮೂಗಿಗೆ ಒಳ್ಳೆಯದಲ್ಲ, ಬೆಂಕಿಯೂ ಬೇಗ ಹತ್ತುತ್ತದೆ. ಗಾಳಿಯಾಡುವ ಕಡೆ ಕೆಲಸ ಮಾಡಬೇಕು.

ಮನೆಯಲ್ಲೇ ಪರೀಕ್ಷಿಸಿ ನೋಡುವ ಆಸೆಯಿರುವ ವಿದ್ಯಾರ್ಥಿಗಳು ಮೂರು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಬಹುದು. ಮೂರಕ್ಕೂ ಬುಡದ ಹತ್ತಿರ ಸೂಜಿಯಿಂದ ಒಂದೊಂದು ತೂತು. ಒಂದನ್ನು ತೊಳೆದು ಒಣಗಿಸಿ ಖಾಲಿಯಿರುವಾಗಲೇ ಟೇಪು ಹಚ್ಚಬೇಕು. ಎರಡನೆಯದಕ್ಕೆ ಸ್ವಲ್ಪ ಮಣ್ಣಿನ ಧೂಳು ಸವರಿ ಹಚ್ಚಬೇಕು. ಮೂರನೆಯದಕ್ಕೆ ನೀರು ತುಂಬಿ, ಸೋರುತ್ತಿರುವಾಗಲೇ ಹಚ್ಚಬೇಕು. ಆಮೇಲೆ ಮೂರನ್ನೂ ತುಂಬಿಸಿ ಬಿಸಿಲಿನಲ್ಲಿಟ್ಟು ಗಂಟೆಗೊಮ್ಮೆ ನೋಡಿ ಬರೆದುಕೊಳ್ಳಬೇಕು. ಮೊದಲನೆಯದು ಎಷ್ಟು ದಿನ ನಿಲ್ಲುತ್ತದೆ ಎಂಬುದು ನಿಜವಾದ ಕುತೂಹಲದ ವಿಷಯ. ಅಂಗಡಿಯ ಬೇರೆ ಬೇರೆ ಟೇಪುಗಳಿಗೆ ಬೇರೆ ಬೇರೆ ಉತ್ತರ ಬರುತ್ತದೆ.

ಗೇಟಿನ ಹೊರಗಿನ ಪೈಪಿಗೆ ಕೊನೆಗೆ ಪ್ಲಂಬರ್ ಬಂದರು. ಹಳೆಯ ಟೇಪಿನ ಮೂರು ತರದ ಸುತ್ತುಗಳನ್ನು ಚಾಕುವಿನಿಂದ ಕೊಯ್ದು ತೆಗೆದು, 'ಸಾರ್, ಪೈಪು ಕೂಡಿಸೋದು ಹತ್ತು ನಿಮಿಷದ ಕೆಲಸ. ಈ ಗೋಂದು ಕೆರೆಯೋದಕ್ಕೇ ಒಂದು ಗಂಟೆ' ಎಂದರು. ಚರಂಡಿ ದಾಟುವ ಉದ್ದಕ್ಕೆ ನಡುವೆ ಕೀಲೇ ಇಲ್ಲದ ಒಂದೇ ತುಂಡು ಹಾಕಿ, ಅದನ್ನು ದಪ್ಪನೆಯ ಇನ್ನೊಂದು ಪೈಪಿನೊಳಗೆ ತೂರಿಸಿ ಚರಂಡಿಯ ನೀರಿನ ಮಟ್ಟಕ್ಕಿಂತ ಮೇಲೆ ಎತ್ತಿ ಕಟ್ಟಿದರು. ಎರಡೂ ಕಪ್ಲಿಂಗು ಒಣ ಜಾಗದಲ್ಲಿ ಬಂದವು. ಮಗ ಪಕ್ಕದಲ್ಲಿ ಕುಳಿತು ಉಜ್ಜುಕಾಗದ ಹಿಡಿದಿದ್ದ.

'ನೀರು ಬಿಟ್ಟು ನೋಡೋಣವಾ?' ಎಂದರು ಅಪ್ಪ, ಅಭ್ಯಾಸದಂತೆ ಅವಸರದಿಂದ.

'ಬೇಡಿ ಸಾರ್, ನಾಳೆ ಬೆಳಿಗ್ಗೆ' ಎಂದು ಪ್ಲಂಬರ್ ವಾಲ್ವಿನ ಹಿಡಿಯನ್ನು ಕಳಚಿ ಅಮ್ಮನ ಕೈಗೆ ಕೊಟ್ಟು ಹೋದರು.